ಹಿಮಕ್ಕೆ ಬಿಳಿ ಎಷ್ಟು ಬೇಕು?

ಪ್ರಶ್ನೆ: ಬ್ಯಾಂಕ್ ಕೆಲಸದಿಂದ ನಿವೃತ್ತನಾದ ಮೇಲೆ ಆಯಿಲ್ ಪೇಂಟಿಂಗ್ ಶುರು ಮಾಡಿದ್ದೇನೆ. ಡಾರ್ಜಿಲಿಂಗ್‌ಗೆ ಹೋಗಿದ್ದ ಮಗಳು ಮೊಬೈಲಿನಲ್ಲಿ ತೆಗೆದ ಕಾಂಚನಜುಂಗಾದ ಫೋಟೋ ನೋಡಿಕೊಂಡು ದೊಡ್ಡದೊಂದು ಕ್ಯಾನ್ವಾಸ್ ಬರೆದೆ. ಎಷ್ಟು ಬಿಳಿ ಹಚ್ಚಿದರೂ ಹಿಮ ಹಿಮದಂತೆ ಕಾಣುವುದಿಲ್ಲ, ಸುಣ್ಣ ಬಳಿದ ಗುಡ್ಡದಂತಿದೆ. ನಾನು ಹಿಮವನ್ನು ಕಣ್ಣಾರೆ ಕಂಡವನಲ್ಲ. ಕಾಣದವನು ಅದನ್ನು ನೈಜವಾಗಿ ಬರೆಯಬಹುದೇ? ಈಗ ಬರೆದಿರುವ ಚಿತ್ರವನ್ನು ಉಳಿಸಿಕೊಳ್ಳುವ ದಾರಿ ಇದೆಯೇ?
— ಓದುಗರೊಬ್ಬರು, ದಾವಣಗೆರೆ

ಸುಣ್ಣ ಬಳಿದ ಗುಡ್ಡ ಎಂದು ನೀವೇ ಬರೆದಿದ್ದೀರಿ, ಕಾಯಿಲೆ ಅದೇ. ಬಿಳಿ ಸಾಲದೆ ಹೀಗಾಗಿಲ್ಲ, ಜಾಸ್ತಿಯಾಗಿ ಹೀಗಾಗಿದೆ. ಹಿಮ ಬರೆಯಲು ಕೂತವರು ಮೊದಲು ಮಾಡುವ ಕೆಲಸ ಟೈಟಾನಿಯಂ ವೈಟ್ ಟ್ಯೂಬನ್ನು ಹಿಂಡಿ ಪರ್ವತದ ಮೈಗೆಲ್ಲ ಮೆತ್ತುವುದು. ಆಮೇಲೆ ಬಿಸಿಲು ಬಿದ್ದ ಜಾಗ ತೋರಿಸಬೇಕೆಂದರೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಏನನ್ನೂ ಬೆರೆಸದ ಬಿಳಿಗಿಂತ ಬೆಳ್ಳಗಿನ ಬಣ್ಣ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಹೊಸದಾಗಿ ಬಿದ್ದ ಹಿಮ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 80ರಿಂದ 90ರಷ್ಟನ್ನು ವಾಪಸು ಕಳಿಸುತ್ತದೆ. ಒಳ್ಳೆಯ ಬಿಳಿ ಬಣ್ಣವೂ ಹೆಚ್ಚುಕಡಿಮೆ ಅಷ್ಟನ್ನೇ ಕಳಿಸುತ್ತದೆ. ಹಾಗಾದರೆ ಎರಡೂ ಒಂದೇ ಅಲ್ಲವೇ? ಅಲ್ಲ. ಅಲ್ಲಿ ಬೀಳುವುದು ಎತ್ತರದ ಗಾಳಿಯ ನೆತ್ತಿಯ ಬಿಸಿಲು, ನಿಮ್ಮ ಕ್ಯಾನ್ವಾಸ್ ಮೇಲೆ ಬೀಳುವುದು ನಡುಮನೆಯ ಟ್ಯೂಬ್‌ಲೈಟ್. ಆ ಹೊಳಪಿಗೆ ನೀವು ಎಂದೂ ಸಮ ತೂಗಲಾರಿರಿ. ಕಲಾವಿದನ ಕೈಯಲ್ಲಿರುವುದು ಅಂತರ ಮಾತ್ರ: ಬಿಸಿಲಿನ ಹಿಮಕ್ಕೂ ನೆರಳಿನ ಹಿಮಕ್ಕೂ, ಹಿಮಕ್ಕೂ ಬಂಡೆಗೂ, ಬಂಡೆಗೂ ಆಕಾಶಕ್ಕೂ ಇರುವ ಅಂತರ. ಆ ಲೆಕ್ಕ ಸರಿಯಾಗಿದ್ದರೆ ಬೂದಿಬಣ್ಣವೂ ಹಿಮದಂತೆ ಹೊಳೆಯುತ್ತದೆ. ಲೆಕ್ಕ ತಪ್ಪಿದರೆ ಟ್ಯೂಬುಗಟ್ಟಲೆ ಬಿಳಿ ಸುರಿದರೂ ಸುಣ್ಣವೇ.

ಹಿಮ ನೋಡಿಲ್ಲ ಎಂಬ ಕೊರಗು ಬೇಡ. ಅದರ ಮುಖ್ಯ ಪಾಠವನ್ನು ದಾವಣಗೆರೆಯ ತಾರಸಿಯ ಮೇಲೇ ಕಲಿಯಬಹುದು. ಮೋಡವಿಲ್ಲದ ದಿನ ಬೆಳಿಗ್ಗೆ ಎಂಟರ ಹೊತ್ತಿಗೆ ಒಂದು ಬಿಳಿ ಹಾಸಿಗೆಬಟ್ಟೆಯನ್ನು ತಾರಸಿಗೆ ಒಯ್ದು, ಒಳಗೆ ಒಂದೆರಡು ಡಬ್ಬಿ ಇಟ್ಟು, ಏರು ತಗ್ಗು ಮಡಿಕೆಗಳು ಬರುವಂತೆ ಹರಡಿ. ಬೂದಿಬಣ್ಣದ ರಟ್ಟೊಂದರ ನಡುವೆ ಕಡಲೆಕಾಳು ತೂರುವಷ್ಟು ತೂತು ಮಾಡಿ, ಅದರಲ್ಲಿ ಒಂದು ಕಣ್ಣಿಟ್ಟು ಬಟ್ಟೆಯ ನೆರಳಿನ ಭಾಗವನ್ನಷ್ಟೇ ನೋಡಿ. ರಟ್ಟಿಲ್ಲದೆ ನೋಡಿದಾಗ ಬಿಳಿ ಎನ್ನಿಸಿದ್ದು ಈಗ ನೀಲಿಗೆ ತಿರುಗಿದ ಬೂದಿ ಎಂದು ಗೊತ್ತಾಗುತ್ತದೆ. ಅಲ್ಲಿಗೆ ಸೂರ್ಯನ ಬೆಳಕು ನೇರ ಬೀಳುತ್ತಿಲ್ಲ, ಬೀಳುತ್ತಿರುವುದು ಮೇಲಿನ ನೀಲಿ ಆಕಾಶದ ಬೆಳಕು. ಹಾಗೇ ರಟ್ಟನ್ನು ಪಕ್ಕದ ಬಿಸಿಲಿನಲ್ಲಿರುವ ಸಿಮೆಂಟು ನೆಲದತ್ತ ಸರಿಸಿ. ಎಷ್ಟೋ ಸಲ ಆ ಕೊಳಕು ಸಿಮೆಂಟು ನೆರಳಿನ ಬಿಳಿ ಬಟ್ಟೆಗಿಂತ ಬೆಳ್ಳಗೆ ಕಾಣುತ್ತದೆ! ಬಟ್ಟೆ ಬಿಳಿ ಎಂದು ಮನಸ್ಸಿಗೆ ಗೊತ್ತಿರುವುದರಿಂದ ಕಣ್ಣು ಸುಳ್ಳು ಹೇಳುತ್ತಿತ್ತು, ಅಷ್ಟೆ. ಇನ್ನೂ ಸ್ವಲ್ಪ ಹೊತ್ತು ನೋಡಿದರೆ, ಬಿಸಿಲು ಬಿದ್ದ ಮಡಿಕೆಯ ಎದುರಿಗಿರುವ ನೆರಳಿನಲ್ಲಿ ತಿಳಿಯಾದ ಬೆಚ್ಚನೆಯ ಛಾಯೆಯೊಂದು ಸೇರಿಕೊಂಡಿರುವುದೂ ಕಾಣಿಸೀತು. ಹಿಮದ ಕಣಿವೆಗಳಲ್ಲಿ ನಡೆಯುವುದೂ ಇದೇ, ದೊಡ್ಡ ಪ್ರಮಾಣದಲ್ಲಿ.

ಕ್ಲಾಡ್ ಮೋನೆ 1868-69ರ ಚಳಿಗಾಲದಲ್ಲಿ ಫ್ರಾನ್ಸಿನ ಎತ್ರೆತಾ ಹತ್ತಿರ ಬರೆದ ‘ದ ಮ್ಯಾಗ್‌ಪೈ’ ಎಂಬ ತೈಲಚಿತ್ರವನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿ ನೋಡಿ. ಬೇಲಿ, ಗೇಟಿನ ಮೇಲೆ ಒಂದು ಹಕ್ಕಿ, ಉಳಿದುದೆಲ್ಲ ಹಿಮ. ಆದರೆ ಬೇಲಿಯ ನೆರಳು ಅಚ್ಚ ನೀಲಿ-ನೇರಳೆ. ಬಿಸಿಲಿನ ಜಾಗದಲ್ಲೂ ಕೆನೆಬಣ್ಣ, ನಸುಗುಲಾಬಿ ಸೇರಿಕೊಂಡಿವೆ. 1869ರಲ್ಲಿ ಪ್ಯಾರಿಸ್ಸಿನ ಸಲೋನ್ ಪ್ರದರ್ಶನದ ತೀರ್ಪುಗಾರರು ಇದನ್ನು ತಿರಸ್ಕರಿಸಿದರು. ಈಗ ಅದು ಅದೇ ಊರಿನ ಓರ್ಸೇ ಮ್ಯೂಸಿಯಂನಲ್ಲಿದೆ, ತಿರಸ್ಕರಿಸಿದವರ ಹೆಸರು ಯಾರಿಗೂ ನೆನಪಿಲ್ಲ.

ಇನ್ನು ನಿಮ್ಮ ಫೋಟೋದ ವಿಚಾರ. ಆಕಾರಕ್ಕೆ ಅದನ್ನು ನಂಬಿ, ಬಣ್ಣಕ್ಕೆ ನಂಬಬೇಡಿ. ಹಿಮದ ಎದುರು ಮೊಬೈಲ್ ಕ್ಯಾಮೆರಾ ಗೊಂದಲಕ್ಕೆ ಬೀಳುತ್ತದೆ. ಒಮ್ಮೆ ಹಿಮದ ವಿವರವನ್ನೆಲ್ಲ ಅಳಿಸಿ ಬರೀ ಬಿಳಿ ತೇಪೆ ಮಾಡುತ್ತದೆ, ಇನ್ನೊಮ್ಮೆ ಎಲ್ಲವನ್ನೂ ಮಂಕು ಮಾಡುತ್ತದೆ. ನೆರಳಿನ ನೀಲಿಯನ್ನು ದೋಷವೆಂದು ತಿಳಿದು ತಾನೇ ಸರಿಪಡಿಸುವುದೂ ಉಂಟು. ಬಂಡೆಗಳನ್ನಂತೂ ಕಪ್ಪಗೆ ಮಾಡಿಬಿಡುತ್ತದೆ. ನೀವು ಆ ಕಪ್ಪನ್ನು ನಂಬಿ ಟ್ಯೂಬಿನ ಕಪ್ಪನ್ನೇ ಹಚ್ಚಿದ್ದರೆ, ನಿಮ್ಮ ಪರ್ವತ ಅರ್ಧ ಅಲ್ಲಿಗೇ ಕೆಟ್ಟಿತು. ಫೋಟೋವನ್ನು ಜೆರಾಕ್ಸ್ ಅಂಗಡಿಗೆ ಒಯ್ದು ಎ4 ಹಾಳೆಯಲ್ಲಿ ಕಪ್ಪು-ಬಿಳುಪು ಪ್ರತಿ ತೆಗೆಸಿ. ಜೆರಾಕ್ಸ್ ಯಂತ್ರಕ್ಕೆ ನಾಜೂಕು ಗೊತ್ತಿಲ್ಲ. ಬೆಳಕು ಎಲ್ಲಿ, ನೆರಳು ಎಲ್ಲಿ ಎಂದು ಮುಲಾಜಿಲ್ಲದೆ ಬೇರೆ ಮಾಡಿ ಕೊಡುತ್ತದೆ. ನಿಮಗೆ ಮೊದಲು ಬೇಕಾದದ್ದು ಅಷ್ಟೇ.

ಆ ಪ್ರತಿಯನ್ನು ಮುಂದಿಟ್ಟುಕೊಂಡು ಬೆಳಕಿನ ದಿಕ್ಕು ಪಕ್ಕಾ ಮಾಡಿಕೊಳ್ಳಿ. ಡಾರ್ಜಿಲಿಂಗ್‌ನಲ್ಲಿ ಕಾಂಚನಜುಂಗಾ ನೋಡುವವರು ಉತ್ತರಕ್ಕೆ ಮುಖ ಮಾಡಿ ನಿಂತಿರುತ್ತಾರೆ. ಹಾಗಾಗಿ ಬೆಳಗಿನ ಸೂರ್ಯ ಬಲಗಡೆ. ಪ್ರತಿ ಏಣಿನ ಬಲ ಮಗ್ಗುಲಿಗೆ ಬೆಳಕು, ಎಡ ಮಗ್ಗುಲಿಗೆ ನೆರಳು. ಇದೊಂದನ್ನು ಕೊನೆಯವರೆಗೂ ಬಿಡದೆ ಪಾಲಿಸಿದರೆ ಪರ್ವತ ತಾನಾಗಿ ಮೈತುಂಬಿಕೊಳ್ಳುತ್ತದೆ. ಚೆಂದ ಕಾಣಲಿ ಎಂದು ಎಡಗಡೆಯೂ ಅಲ್ಲೊಂದು ಇಲ್ಲೊಂದು ಬಿಳಿ ಗೆರೆ ಎಳೆದಿರೋ, ಅದು ಮತ್ತೆ ಚಪ್ಪಟೆ. ಶಿಖರಗಳನ್ನು ಹಲ್ಲಿನ ಸಾಲಿನಂತೆ ಒಂದೇ ಅಳತೆಗೆ ಜೋಡಿಸುವ ಚಟವೂ ಬೇಡ. 8586 ಮೀಟರಿನ ಕಾಂಚನಜುಂಗಾದ ಎಡಕ್ಕೆ ಕಬ್ರು, ಬಲಕ್ಕೆ ಪಂದಿಮ್ ಇವೆ. ಕಬ್ರು ಅದಕ್ಕಿಂತ ಸಾವಿರ ಮೀಟರಿಗೂ ಹೆಚ್ಚು ಗಿಡ್ಡ. ಆದರೆ ನೋಡುವವರಿಗೆ ಹತ್ತಿರವಾದ್ದರಿಂದ ಅಷ್ಟೇನೂ ಗಿಡ್ಡ ಅನ್ನಿಸುವುದಿಲ್ಲ. ನೀವು ಬರೆಯುತ್ತಿರುವುದು ಹೆಸರಿರುವ ಪರ್ವತ. ಅದರ ಮುಖಚಹರೆ ತಪ್ಪಿಸಬೇಡಿ.

ಹಿಮ ಎಲ್ಲಿ ನಿಲ್ಲುತ್ತದೆ ಎಂಬುದಕ್ಕೂ ಕಾರಣವಿದೆ, ನಮ್ಮ ಇಷ್ಟಕ್ಕೆ ಹಚ್ಚುವಂತಿಲ್ಲ. ಕಡಿದಾದ ಬಂಡೆಗೋಡೆಯ ಮೇಲೆ ಅದು ನಿಲ್ಲದೆ ಜಾರಿಬೀಳುತ್ತದೆ, ಅಲ್ಲಿ ಕಲ್ಲು ಬರಿಮೈ. ಗೋಡೆಯ ನಡುವಿನ ಸಣ್ಣ ಚಾಚುಗಳಲ್ಲಿ ಅಡ್ಡಗೆರೆಯಾಗಿ ಕೂರುತ್ತದೆ, ಕೊರಕಲುಗಳಲ್ಲಿ ಉದ್ದಗೆರೆಯಾಗಿ ತುಂಬುತ್ತದೆ. ಗಾಳಿ ಹೊಡೆಯುವ ಕಡೆ ತೆಳ್ಳಗೆ, ಗಾಳಿಗೆ ಮರೆಯಾದ ಕಡೆ ಗುಡ್ಡೆ. ಹಿಮನದಿ ಒಡೆದ ಜಾಗದಲ್ಲಿ ಗಟ್ಟಿ ಮಂಜುಗಡ್ಡೆ ಕಾಣಿಸಿದರೆ ಅದರ ನೀಲಿ ಬೇರೆ. ಅದು ಆಕಾಶದ ನೀಲಿಯಲ್ಲ, ಮಂಜುಗಡ್ಡೆಯೇ ಬೆಳಕಿನ ಕೆಂಪು ಪಾಲನ್ನು ನುಂಗಿ ಉಳಿಸಿದ ನೀಲಿ, ಸ್ವಲ್ಪ ಹಸಿರಿಗೆ ವಾಲುತ್ತದೆ. ಇಷ್ಟು ಗೊತ್ತಿದ್ದರೆ ಫೋಟೋದಲ್ಲಿ ಅರ್ಥವಾಗದ ಚುಕ್ಕೆಗಳೂ ಅರ್ಥವಾಗುತ್ತವೆ.

ಈಗ ಪ್ಯಾಲೆಟ್ಟಿಗೆ ಬರೋಣ. ಟೈಟಾನಿಯಂ ವೈಟ್, ಅಲ್ಟ್ರಾಮರೀನ್ ಬ್ಲೂ, ಬರ್ನ್ಟ್ ಸಿಯೆನ್ನಾ, ಯೆಲ್ಲೋ ಆಕರ್, ಅಲಿಝರಿನ್ ಕ್ರಿಮ್ಸನ್. ಐದು ಟ್ಯೂಬು ಸಾಕು. ಕಪ್ಪನ್ನು ಪೆಟ್ಟಿಗೆಯಲ್ಲೇ ಬಿಡಿ. ಅಲ್ಟ್ರಾಮರೀನ್‌ಗೆ ಬರ್ನ್ಟ್ ಸಿಯೆನ್ನಾ ಸೇರಿಸಿದರೆ ಅದಕ್ಕಿಂತ ಜೀವಂತವಾದ ಕಪ್ಪು ಸಿಗುತ್ತದೆ, ನೀಲಿ ಜಾಸ್ತಿಯಾದರೆ ತಣ್ಣಗೆ, ಸಿಯೆನ್ನಾ ಜಾಸ್ತಿಯಾದರೆ ಬೆಚ್ಚಗೆ. ಬ್ರಷ್ ಮುಟ್ಟುವ ಮೊದಲು ನೈಫಿನಲ್ಲಿ ನಾಲ್ಕು ಗುಡ್ಡೆ ಕಲಸಿಕೊಳ್ಳಿ. ಮೊದಲನೆಯದು ಬಂಡೆಗೆ: ನೀಲಿ, ಸಿಯೆನ್ನಾ, ಜೊತೆಗೆ ಧಾರಾಳವಾಗಿ ಬಿಳಿ. ಎರಡನೆಯದು ನೆರಳಿನ ಹಿಮಕ್ಕೆ: ಬಿಳಿಗೆ ಅಲ್ಟ್ರಾಮರೀನ್, ತುಸುವೇ ಅಲಿಝರಿನ್, ಕಣ್ಣಿಗೆ ಹೊಡೆಯದಂತೆ ಚಿಟಿಕೆ ಸಿಯೆನ್ನಾ. ಮೂರನೆಯದು ಓರೆಬಿಸಿಲು ಸವರಿಕೊಂಡು ಹೋಗುವ ಇಳಿಜಾರಿಗೆ: ಎರಡನೆಯದರಲ್ಲೇ ಸ್ವಲ್ಪ ತೆಗೆದು ಬಿಳಿ ಮತ್ತು ಆಕರ್ ಸೇರಿಸಿ ತಿಳಿ ಮಾಡಿದ್ದು. ನಾಲ್ಕನೆಯದು ಬಿಸಿಲಿನ ಹಿಮ: ಬಿಳಿಗೆ ಸೂಜಿಮೊನೆಯಷ್ಟು ಆಕರ್. ಆ ಆಕರ್ ಹಾಕಿದ್ದು ಗೊತ್ತೇ ಆಗಬಾರದು, ಹಾಕದಿದ್ದರೆ ಗೊತ್ತಾಗಬೇಕು.

ಎರಡನೆಯ ಗುಡ್ಡೆಯನ್ನು ಎಷ್ಟು ಗಾಢ ಮಾಡಬೇಕು ಎಂಬಲ್ಲೇ ಎಲ್ಲರ ಕೈ ನಡುಗುವುದು. ಹಿಮ ತಾನೇ, ಇಷ್ಟು ನೀಲಿಯೇ ಎಂದು ಹೆದರಿ ಇನ್ನೊಂದಿಷ್ಟು ಬಿಳಿ ಸೇರಿಸುತ್ತಾರೆ. ಸೇರಿಸಬೇಡಿ. ಪ್ಯಾಲೆಟ್ ಮೇಲೆ ಅದು ಕೊಳಕಾಗಿ ಕಾಣುತ್ತದೆ, ನಿಜ. ಪಕ್ಕದಲ್ಲಿ ಬಿಸಿಲಿನ ಬಿಳಿ ಬಂದು ಕೂತ ಕ್ಷಣ ಅದು ಹಿಮವಾಗುತ್ತದೆ. ಆಕಾಶಕ್ಕೂ ಇದೇ ಮಾತು. ಶಿಖರದ ಹಿಂದಿನ ಆಕಾಶ ಬಿಸಿಲಿನ ಹಿಮಕ್ಕಿಂತ ಗಾಢವಾಗಿರಲೇಬೇಕು. ತಿಳಿನೀಲಿ ಆಕಾಶದೆದುರು ಬಿಳಿ ಶಿಖರ ಇಟ್ಟರೆ ಎರಡೂ ಒಂದರಲ್ಲೊಂದು ಕರಗಿಹೋಗುತ್ತವೆ, ಆಮೇಲೆ ಅಂಚಿಗೆ ಗೆರೆ ಎಳೆದು ಬೇರ್ಪಡಿಸುವ ದುರವಸ್ಥೆ.

ನಿಮ್ಮ ಪರ್ವತ ಡಾರ್ಜಿಲಿಂಗ್‌ನಿಂದ 70 ಕಿಲೋಮೀಟರಿಗೂ ಆಚೆ ಇದೆ. ದಾವಣಗೆರೆಯಿಂದ ಚಿತ್ರದುರ್ಗಕ್ಕಿಂತ ದೂರ. ಅಷ್ಟು ಗಾಳಿಯನ್ನು ದಾಟಿ ಬರುವಾಗ ಕಪ್ಪೆಲ್ಲ ನೀಲಿಯಾಗುತ್ತದೆ. ಕಂದು ಬಂಡೆ, ಕಪ್ಪು ಬಂಡೆ ಎಂಬುದು ಅಲ್ಲಿಗೆ ಹೋದವರಿಗೆ. ಇಲ್ಲಿ ನಿಂತವರಿಗೆ ಅದು ನೀಲಿ-ಬೂದಿ. ವಿಚಿತ್ರವೆಂದರೆ ದೂರದ ಬಿಳಿ ನೀಲಿಗೆ ತಿರುಗುವುದಿಲ್ಲ, ತುಸು ಹಳದಿಗೆ ತಿರುಗುತ್ತದೆ, ಅದರ ಬೆಳಕಿನ ನೀಲಿ ಪಾಲು ದಾರಿಯಲ್ಲೇ ಚದುರಿಹೋಗಿರುತ್ತದೆ. ಆಕರ್ ಹಾಕಿ ಎಂದದ್ದು ಇದಕ್ಕೂ ಹೌದು. ಇನ್ನೊಂದು ಸಂಗತಿ: ಮಬ್ಬು ಕೆಳಗೆ ದಟ್ಟ, ಮೇಲೆ ವಿರಳ. ಆದ್ದರಿಂದ ಶಿಖರದ ತುದಿಯಲ್ಲಿ ಬೆಳಕು-ನೆರಳು ಹರಿತವಾಗಿರಬೇಕು, ಬುಡಕ್ಕೆ ಬರುತ್ತ ಬಂಡೆಯೂ ಹಿಮವೂ ಒಂದೇ ನೀಲಿ ಮಬ್ಬಿನಲ್ಲಿ ಕರಗಬೇಕು. ಒಣಗಿದ ಮೆತ್ತನೆ ಬ್ರಷ್ಷಿನಿಂದ ಬುಡವನ್ನಷ್ಟೇ ಮೆಲ್ಲಗೆ ಸವರಿದರೆ ಸಾಕು.

ಈ ದೂರವೇ ಎಡ್ವರ್ಡ್ ಲಿಯರ್‌ನನ್ನೂ ಕಾಡಿತ್ತು. ಇಂಗ್ಲಿಷಿನ ಅಸಂಗತ ಪದ್ಯಗಳಿಂದ ಹೆಸರಾದ ಈತ ಹೊಟ್ಟೆಪಾಡಿಗೆ ನಿಸರ್ಗಚಿತ್ರಕಾರ. 1874ರ ಜನವರಿಯಲ್ಲಿ ಡಾರ್ಜಿಲಿಂಗ್‌ಗೆ ಬಂದವನು ಕಾಂಚನಜುಂಗಾ ತೀರಾ ದೂರ, ತೀರಾ ದೈವಸದೃಶ, ಆಪ್ತವಾಗುವಂಥದ್ದಲ್ಲ ಎಂದು ದಿನಚರಿಯಲ್ಲಿ ಗೊಣಗಿಕೊಂಡಿದ್ದಾನೆ. ಸ್ಥಳದಲ್ಲಿ ಬರೆದದ್ದು ಪೆನ್ಸಿಲ್ ಚಿತ್ರ, ತಿಳಿ ಜಲವರ್ಣ. ಎಲ್ಲಿ ಯಾವ ಬಣ್ಣ ಎಂದು ಚಿತ್ರದ ಮೇಲೇ ಅಕ್ಷರದಲ್ಲಿ ಬರೆದಿಟ್ಟುಕೊಳ್ಳುವುದು ಅವನ ಅಭ್ಯಾಸ. ಆ ಟಿಪ್ಪಣಿಗಳನ್ನು ಇಟ್ಟುಕೊಂಡು ದೊಡ್ಡ ತೈಲಚಿತ್ರಗಳನ್ನು ಬರೆದದ್ದು ವರ್ಷಗಳ ನಂತರ, ಯುರೋಪಿನಲ್ಲಿ. ಅವುಗಳಲ್ಲಿ ಒಂದು ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬ್ರಿಟಿಷ್ ಕಲಾ ಸಂಗ್ರಹಾಲಯದಲ್ಲಿದೆ. ಅದರಲ್ಲಿ ಮುಂದೆ ಜರೀಗಿಡ, ದಟ್ಟ ಮರ, ಗುಡಿ, ಪುಟ್ಟ ಪುಟ್ಟ ಜನ. ನಡುವೆ ಆಳವಾದ ನೀಲಿ ಕಣಿವೆ. ಆಮೇಲೆ ಎಲ್ಲೋ ಮೇಲೆ ಪರ್ವತ. ಹತ್ತಿರದ ಕಡುಹಸಿರನ್ನು ಗಾಢವಾಗಿ ಇಟ್ಟಿದ್ದರಿಂದಲೇ ದೂರದ ಹಿಮ ಬೆಳಗುತ್ತದೆ. ನಿಮ್ಮ ಚಿತ್ರದ ಕೆಳಗೂ ಕತ್ತಲೆಯಂಥ ಒಂದಿಷ್ಟು ಮರಗಳನ್ನು ಇಟ್ಟು ನೋಡಿ. ಮನೆಯಲ್ಲಿ ಕೂತು ಪರ್ವತ ಬರೆಯುವುದು ಕಳ್ಳಕೆಲಸವೇನಲ್ಲ ಎಂಬುದಕ್ಕೂ ಲಿಯರ್ ಸಾಕ್ಷಿ.

ಹಚ್ಚುವ ವಿಧಾನದಲ್ಲಿ ಬ್ರಷ್ಷಿಗಿಂತ ಪ್ಯಾಲೆಟ್ ನೈಫ್ ವಾಸಿ. ಬಂಡೆಯ ಬಣ್ಣವನ್ನು ಪರ್ವತದ ಮೈಗೆಲ್ಲ ತೆಳ್ಳಗೆ ಹಚ್ಚಿ, ಹೆಚ್ಚಾದದ್ದನ್ನು ಹೆರೆದು ತೆಗೆಯಿರಿ. ನೆರಳಿನ ಮಗ್ಗುಲುಗಳನ್ನು ಎರಡನೆಯ ಗುಡ್ಡೆಯಿಂದ ತುಂಬಿ. ಬಿಸಿಲಿನ ಬಣ್ಣಕ್ಕೆ ಎಣ್ಣೆಯನ್ನಾಗಲಿ ಟರ್ಪೆಂಟೈನನ್ನಾಗಲಿ ಸೇರಿಸದೆ, ಟ್ಯೂಬಿನಿಂದ ಬಂದಷ್ಟೇ ಗಟ್ಟಿ ಇಟ್ಟುಕೊಳ್ಳಿ. ಅದನ್ನು ಪ್ಯಾಲೆಟ್ ಮೇಲೆ ತೆಳ್ಳಗೆ ಹರಡಿ ನೈಫಿನಿಂದ ಅಡ್ಡಕ್ಕೆ ಒಮ್ಮೆ ಕತ್ತರಿಸಿದಂತೆ ಎಳೆದರೆ ಅಲಗಿನ ಅಂಚಿಗೆ ಶಾವಿಗೆಯೆಳೆಯಷ್ಟು ಬಣ್ಣ ಹತ್ತುತ್ತದೆ. ಆ ಅಂಚನ್ನು ಶಿಖರದ ತುದಿಗೆ ತಾಗಿಸಿ, ಒತ್ತದೆ, ಇಳಿಜಾರು ಹೋದ ದಿಕ್ಕಿಗೆ ಕೆಳಗೆ ಎಳೆಯಿರಿ. ಒತ್ತಿದರೆ ಬಣ್ಣ ಸಾರಿಸಿದಂತಾಗುತ್ತದೆ. ಒತ್ತದಿದ್ದರೆ ಕ್ಯಾನ್ವಾಸಿನ ನೇಯ್ಗೆಯ ಉಬ್ಬುಗಳಿಗಷ್ಟೇ ಹತ್ತಿ, ತಗ್ಗುಗಳಲ್ಲಿ ಕೆಳಗಿನ ಬಂಡೆ ಹಾಗೇ ಇಣುಕುತ್ತದೆ. ಕೈಯಿಂದ ಒಂದೊಂದೇ ಚುಕ್ಕೆ ಇಟ್ಟರೆ ಈ ಒಡಕು ಎಂದೂ ಬರುವುದಿಲ್ಲ. ಎಳೆದ ಮೇಲೆ ತಿದ್ದಬೇಡಿ; ಸರಿಬರದಿದ್ದರೆ ಪೂರ್ತಿ ಹೆರೆದು ಮತ್ತೆ ಎಳೆಯಿರಿ.

ಇದೆಲ್ಲ ಬಾಬ್ ರಾಸ್ ವಿಡಿಯೋದಲ್ಲಿದೆಯಲ್ಲ ಎಂದು ನೀವು ಕೇಳಬಹುದು. ಇದೆ. 1983ರಿಂದ 1994ರವರೆಗೆ ಅಮೆರಿಕದ ಟಿವಿಯಲ್ಲಿ ಅರ್ಧ ಗಂಟೆಗೊಂದು ಚಿತ್ರ ಬರೆದು ತೋರಿಸಿದ ಆತನ ಕೈಚಳಕ ನಿಜವಾದದ್ದು. ವಾಯುಪಡೆಯ ನೌಕರಿಯಲ್ಲಿ ಅಲಾಸ್ಕದಲ್ಲಿದ್ದು ಹಿಮಪರ್ವತಗಳನ್ನು ಚೆನ್ನಾಗಿ ಕಂಡವನು. ನೈಫ್ ಹಿಡಿಯುವುದನ್ನು, ಬುಡದ ಮಬ್ಬನ್ನು ಅವನಿಂದಲೇ ಕಲಿಯಿರಿ. ಆದರೆ ನೈಜ ಚಿತ್ರ ಬೇಕೆಂದಿರಿ. ಅವನ ಪರ್ವತ ಯಾವ ಊರಿನದೂ ಅಲ್ಲ. ಕೈಗೆ ಅಭ್ಯಾಸವಾದ ಒಂದೇ ಪರ್ವತವನ್ನು ಮತ್ತೆ ಮತ್ತೆ ಬರೆಯುವುದು ಬೇರೆ, ಕಾಂಚನಜುಂಗಾವನ್ನು ಗುರುತು ಸಿಗುವಂತೆ ಬರೆಯುವುದು ಬೇರೆ.

ಬೆಂಗಳೂರಿಗೆ ಹೋದಾಗ ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ರೋರಿಕ್ ಗ್ಯಾಲರಿಗೆ ತಪ್ಪದೆ ಹೋಗಿ. ರಷ್ಯಾದ ನಿಕೊಲಾಯ್ ರೋರಿಕ್ 1928ರಿಂದ 1947ರಲ್ಲಿ ತೀರಿಕೊಳ್ಳುವವರೆಗೆ ಕುಲ್ಲು ಕಣಿವೆಯ ನಗ್ಗರ್‌ನಲ್ಲಿದ್ದು ಹಿಮಾಲಯ ಬರೆದವರು, ಕಾಂಚನಜುಂಗಾವನ್ನೂ ಬರೆದಿದ್ದಾರೆ. ಅವರ ಮಗ ಸ್ವೆತೊಸ್ಲಾವ್, ನಟಿ ದೇವಿಕಾರಾಣಿಯವರ ಪತಿ, ಕನಕಪುರ ರಸ್ತೆಯ ತಾತಗುಣಿಯಲ್ಲಿ ನೆಲೆಸಿದ್ದರಿಂದ ಅಪ್ಪ ಮಗ ಇಬ್ಬರ ಕೃತಿಗಳೂ ಬೆಂಗಳೂರಿಗೆ ಸಿಕ್ಕಿವೆ. ಒಂದು ಎಚ್ಚರ: ತಂದೆಯ ಪರ್ವತಗಳು ಹೆಚ್ಚಿನವು ಟೆಂಪರಾದವು, ಆಯಿಲ್ ಅಲ್ಲ. ಆ ಹೊಳಪಿಲ್ಲದ ಮೈಯನ್ನು ಆಯಿಲ್‌ನಲ್ಲಿ ಅನುಕರಿಸಲು ಹೋಗಬೇಡಿ. ನೋಡಬೇಕಾದದ್ದು ಇಡೀ ನೆರಳಿನ ಮಗ್ಗುಲನ್ನು ಒಂದೇ ಧೈರ್ಯದ ನೀಲಿಯಲ್ಲಿ ಹೇಗೆ ನಿಲ್ಲಿಸಿದ್ದಾರೆ, ಶುದ್ಧ ಬಿಳಿಯನ್ನು ಎಷ್ಟು ಜಿಪುಣತನದಿಂದ ಬಳಸಿದ್ದಾರೆ ಎಂಬುದನ್ನು.

ಬಿಳಿಯ ಬಗ್ಗೆ ಎರಡು ಮಾತು ಬೇಗ ಹೇಳಿಬಿಡುತ್ತೇನೆ. ಝಿಂಕ್ ವೈಟ್ ನೋಡಲು ತಣ್ಣಗೆ, ತಿಳಿಯಾಗಿ ಹಿಮಕ್ಕೆ ಹೇಳಿಮಾಡಿಸಿದಂತಿದ್ದರೂ ಒಣಗಿದ ಮೇಲೆ ಪೆಡಸಾಗಿ ಬಿರುಕು ಬಿಡುತ್ತದೆ, ದಪ್ಪಗೆ ಹಚ್ಚಬೇಡಿ. ಹಳೆಯ ಕಲಾವಿದರ ಲೆಡ್ ವೈಟ್ ಸೀಸದ್ದು, ವಿಷ. ಮನೆಯಲ್ಲಿ ಮೊಮ್ಮಕ್ಕಳು ಓಡಾಡುವವರಿಗೆ ಅದರ ಗೊಡವೆಯೇ ಬೇಡ. ಬಿಳಿಗೆ ಲಿನ್‌ಸೀಡ್ ಎಣ್ಣೆ ಸೇರಿಸಿದಷ್ಟೂ ಮುಂದೆ ಹಳದಿಯಾಗುತ್ತದೆ. ಮುಗಿದ ಚಿತ್ರವನ್ನು ಬೀರುವಿನ ಹಿಂದೆ ಕತ್ತಲಲ್ಲಿ ಇಟ್ಟರಂತೂ ಹಳದಿ ಇನ್ನೂ ಬೇಗ. ಬೆಳಕಿರುವ ಗೋಡೆಗೆ ಹಾಕಿ.

ಕೊನೆಗೆ, ಈಗಾಗಲೇ ಬರೆದಿರುವ ಚಿತ್ರ. ಅದನ್ನು ಎಸೆಯಬೇಡಿ, ಬಿಳಿಯ ಮೇಲೆ ಮತ್ತೆ ಬಿಳಿಯನ್ನೂ ಹಚ್ಚಬೇಡಿ. ಆಯಿಲ್ ಒಣಗುವುದು ನೀರು ಆರಿದಂತೆ ಅಲ್ಲ, ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರಿ ಗಟ್ಟಿಯಾಗಬೇಕು. ದಪ್ಪ ಬಿಳಿಗೆ ವಾರಗಳೇ ಹಿಡಿಯುತ್ತವೆ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಉಗುರಿನಿಂದ ಒತ್ತಿದರೆ ಗುರುತು ಬೀಳದಷ್ಟು ಗಟ್ಟಿಯಾದ ಮೇಲೆ, ಅಲ್ಟ್ರಾಮರೀನ್‌ಗೆ ಒಂದಿಷ್ಟು ಅಲಿಝರಿನ್, ಚಿಟಿಕೆ ಸಿಯೆನ್ನಾ, ಸ್ವಲ್ಪ ಲಿನ್‌ಸೀಡ್ ಎಣ್ಣೆ ಸೇರಿಸಿ, ಬಿಳಿ ಸೇರಿಸದೆ, ಪಾರದರ್ಶಕ ಲೇಪ ಮಾಡಿಕೊಳ್ಳಿ. ಎಡ ಮಗ್ಗುಲುಗಳ ಮೇಲೆಲ್ಲ ಅದನ್ನು ತೆಳ್ಳಗೆ ಸವರಿ. ಬೆಳಕು ಬೇಕಾದ ಏಣುಗಳಲ್ಲಿ ಹಳೆಯ ಹತ್ತಿಬಟ್ಟೆಯಿಂದ ಒರೆಸಿ ತೆಗೆದರೆ ಕೆಳಗಿನ ಬಿಳಿ ಹೊರಬರುತ್ತದೆ. ನೀವು ಸುಣ್ಣವೆಂದು ಬೈದ ಬಿಳಿಯೇ ಆಗ ಬಿಸಿಲಾಗಿ ಕೆಲಸಕ್ಕೆ ಬರುತ್ತದೆ. ಒಂದೇ ಸಲ ಗಾಢ ಮಾಡದೆ, ಒಣಗಲು ಬಿಟ್ಟು ಎರಡನೆಯ ಲೇಪ ಕೊಡಿ. ಆಕಾಶ ತೀರ ತಿಳಿಯಾಗಿದ್ದರೆ ಅದಕ್ಕೂ ಅಲಿಝರಿನ್ ಬಿಟ್ಟು ಇದೇ ಲೇಪ ನಡೆಯುತ್ತದೆ. ವಾರ್ನಿಷ್‌ಗೆ ಮಾತ್ರ ಅವಸರ ಬೇಡ, ಕಡಿಮೆಯೆಂದರೂ ಆರು ತಿಂಗಳು, ನಿಮ್ಮಷ್ಟು ದಪ್ಪ ಹಚ್ಚಿದವರು ಒಂದು ವರ್ಷ ಕಾಯಬೇಕು.